ಗರಜು ಮುಚ್ಚಿಟ್ಟು ತಂದ ಕಂಚಿನ ತುಂಡು

ಆ ಕಂಚಿನ ತುಂಡಿಗೆ ನಾನು ಕೊಟ್ಟದ್ದು ಇನ್ನೂರಾ ಅರವತ್ತು ರೂಪಾಯಿ. ದಪ್ಪ ಒಂದೂವರೆ ಇಂಚು, ಉದ್ದ ಮೂರು ಇಂಚಿಗೆ ಸ್ವಲ್ಪ ಕಡಿಮೆ, ಮುಷ್ಟಿಯಲ್ಲಿ ಹಿಡಿದರೆ ಮುಚ್ಚಿಹೋಗುವಷ್ಟು. ಹುಬ್ಬಳ್ಳಿಯ ಲೋಹದ ಅಂಗಡಿಯಲ್ಲಿ ಇಂಥದ್ದನ್ನು ಕೇಳಿದರೆ ಒಂದು ಫೂಟಿಗಿಂತ ಕಡಿಮೆ ಕೊಯ್ದು ಕೊಡುವುದಿಲ್ಲ ಅನ್ನುತ್ತಾರೆ, ಫೂಟಿಗೆ ಮೂರು ಸಾವಿರ ಹೇಳುತ್ತಾರೆ. ಸವಣೂರಿನ ಗುಜರಿಯಲ್ಲಿ ತಕ್ಕಡಿಗೆ ಹಾಕಿ ನಾನೂರು ಹೇಳಿದ್ದನ್ನು ನಾನು ಒಂದು ಕಪ್ ಚಹಾ ಮುಗಿಯುವುದರೊಳಗೆ ಇಳಿಸಿದ್ದೆ. ಅಷ್ಟು ಅಗ್ಗಕ್ಕೆ ಹೇಗೆ ಸಿಕ್ಕಿತು ಅಂದರೆ, ಯಾತಕ್ಕೆ ಬೇಕು ಅನ್ನುವುದನ್ನು ನಾನು ಖರೇ ಹೇಳಲಿಲ್ಲ.

ಸುಳ್ಳು ಹೇಳಿದೆ ಅಂತ ಆಗ ಅನ್ನಿಸಲೂ ಇಲ್ಲ. ನಾನು ಹಳೆಯ ಬಟ್ಟೆಗೆ ಹೊಸ ಪಾತ್ರೆ ಕೊಡುತ್ತ ಊರೂರು ತಿರುಗಿ ಮೇಲೆ ಬಂದವನು. ತಲೆಯ ಮೇಲೆ ಬುಟ್ಟಿ, ಹೆಗಲಿಗೆ ಗಂಟು. ಮಾಸೂರು, ಬಂಕಾಪುರ, ಗೊಟಗೋಡಿ ಕಡೆಯ ಓಣಿಗಳಲ್ಲಿ ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಅತ್ತೆ ಜರಿ ಸೀರೆಯನ್ನು ಒಂದು ತಂಬಿಗೆಗೆ ಬಿಟ್ಟುಕೊಡುತ್ತಾಳೆ ಎಲ್ಲ ಗೊತ್ತಿತ್ತು. ಇವತ್ತು ಹಾನಗಲ್ಲಿನಲ್ಲಿ ಸ್ವಂತ ಪಾತ್ರೆ ಅಂಗಡಿ ಇದೆ. ಆ ತಿರುಗಾಟ ಕಲಿಸಿದ ಪಾಠ ಒಂದೇ: ಗರಜು ತೋರಿಸಬಾರದು. ನಿನಗೆ ಬೇಕೇ ಬೇಕು ಅಂತ ಎದುರಿನವನಿಗೆ ಗೊತ್ತಾಯಿತೋ, ದರ ಏರಿತು ಅಂತಲೇ ತಿಳಿ. ಬೇಕಾದದ್ದನ್ನು ಬಿಟ್ಟು ಬೇರೆಯದನ್ನು ಮುಟ್ಟಿ ನೋಡು. ಮದುವೆಗೆ ಬೇಕಿದ್ದರೆ ಮನೆಬಳಕೆಗೆ ಅನ್ನು. ಮೂವತ್ತು ವರ್ಷ ಇದೇ ನಡೆಸಿದೆ, ಅದು ಅನ್ನವನ್ನೂ ಹಾಕಿತು.

ಅಂಗಡಿ ಕೈಹಿಡಿದ ಮೇಲೆ ನನಗೊಂದು ಹುಚ್ಚು ಹತ್ತಿತು. ಶಿಗ್ಗಾವಿಯ ಹೈವೇ ಬದಿ ಒಂದು ವರ್ಕ್‌ಶಾಪು ಮುಚ್ಚುವಾಗ ಅವರ ಸಣ್ಣ ಲೇತು, ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ, ಮಾರಾಟಕ್ಕೆ ಬಂತು. ಆರು ಸಲ ಹೋಗಿ, ಐದು ಸಲ ಬೇಡ ಅಂದು ಎದ್ದು ಬಂದು, ಆರನೇ ಸಲಕ್ಕೆ ಟೆಂಪೋದಲ್ಲಿ ಹಾಕಿಸಿಕೊಂಡು ಬಂದೆ. ಹಿತ್ತಲ ತಗಡಿನ ಶೆಡ್ಡಿನಲ್ಲಿ ಅದನ್ನು ಕೂಡಿಸಿ, ವಾರಕ್ಕೊಮ್ಮೆ ಅಂಗಡಿ ಮುಚ್ಚಿದ ದಿನ ಅದರ ಮುಂದೆ ನಿಲ್ಲುತ್ತೇನೆ. ಬುಗುರಿ ಮಾಡಿದೆ, ಕುಟ್ಟಾಣಿಯ ಒನಕೆ ಮಾಡಿದೆ, ಬಾಗಿಲಿಗೆ ಹಿತ್ತಾಳೆಯ ಗುಂಡು ಮಾಡಿದೆ. ಸರಳು ತಿರುಗುತ್ತ ತಿರುಗುತ್ತ ತುಕ್ಕಿನ ಕೆಳಗಿಂದ ಬೆಳ್ಳಗೆ ಹೊಳೆದಾಗ ಆಗುವ ಖುಷಿಯನ್ನು ಹೇಳಿ ತಿಳಿಸಲಾಗದು.

ಆದರೆ ಲೇತಿಗೆ ಮೇವು ಬೇಕು. ನಮ್ಮ ತಾಲೂಕುಗಳಲ್ಲಿ ಅದೇ ತ್ರಾಸು. ಇಪ್ಪತ್ತು ಫೂಟಿನ ಸರಳು ಬೇಕಾದರೆ ನಾಲ್ಕು ಅಂಗಡಿಯವರು ಕರೆದು ಕುರ್ಚಿ ಹಾಕುತ್ತಾರೆ. ನಾಲ್ಕು ಇಂಚು ಕೇಳಿದರೆ ಮುಖ ಸಹ ಎತ್ತುವುದಿಲ್ಲ. ಒಬ್ಬರಂತೂ, ಬಾಳೆಹಣ್ಣು ಕೊಂಡಂಗ ಕಬ್ಬಿಣಾ ಕೊಳ್ಳಾಕ ಬಂದಾರ ನೋಡು, ಅಂತ ಪಕ್ಕದವರಿಗೆ ಹೇಳಿ ನಕ್ಕರು. ಆನ್‌ಲೈನಿನಲ್ಲಿ ತರಿಸಿದರೆ ಮಾಲಿಗಿಂತ ಪಾರ್ಸೆಲ್ ಖರ್ಚು ಹೆಚ್ಚು. ಹೀಗಾಗಿ ಗುಜರಿಯೇ ಗತಿ. ಸವಣೂರಿನ ಒಬ್ಬ ಹಿರಿಯ ಗುಜರಿ ವ್ಯಾಪಾರಿಯನ್ನು ನಾನು ಚಾಚಾ ಅನ್ನುತ್ತೇನೆ. ಅವರ ಹಿತ್ತಲಲ್ಲಿ ಸಾಲಾಗಿ ಡ್ರಮ್ಮುಗಳು, ಒಂದೊಂದರಲ್ಲಿ ಒಂದೊಂದು ಜಾತಿಯ ಲೋಹ. ಬಾಯಲ್ಲಿ ಎಲೆ ಇಟ್ಟುಕೊಂಡು, ತುಂಡನ್ನು ಕಾನಸಿನಿಂದ ಒಮ್ಮೆ ಉಜ್ಜಿ, ಮೂಗಿಗೆ ತಾಗುವಷ್ಟು ಕಣ್ಣಿನ ಹತ್ತಿರ ಹಿಡಿದು, ಯಾವ ಡ್ರಮ್ಮಿಗೆ ಹೋಗಬೇಕು ಅಂತ ಹೇಳುವವರು ಅವರು. ನಮ್ಮಿಬ್ಬರ ಚೌಕಾಸಿ ಅಂದರೆ ಅಕ್ಕಪಕ್ಕದವರು ಕೆಲಸ ಬಿಟ್ಟು ಕೇಳುತ್ತಿದ್ದರು.

ಹೋದ ವರ್ಷದ ಹಿಂದಿನ ಬೇಸಿಗೆ. ನನ್ನ ಅಕ್ಕ ಹಿರೇಕೆರೂರಿನಲ್ಲಿ ಶಾವಿಗೆ ಮಷಿನ್ ಇಟ್ಟಿದ್ದಾಳೆ. ಹಳೆಯದು, ನಾನೇ ನಿಂತು ಚೌಕಾಸಿ ಮಾಡಿ ಕೊಡಿಸಿದ್ದು. ಅವತ್ತು ಮಾರುವವನು ಬೆವರು ಒರೆಸಿಕೊಳ್ಳುವುದನ್ನು ನೋಡಿ ಅಕ್ಕ, ನೀ ಹುಟ್ಟುವಾಗ ಸೂಲಗಿತ್ತಿ ಜೋಡಿನೂ ರೇಟ್ ಮಾತಾಡಿರಬೇಕು, ಅಂದಿದ್ದಳು. ಬೇಸಿಗೆಯ ಎರಡು ತಿಂಗಳು ಅವಳ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೆಣ್ಣುಮಕ್ಕಳು ಡಬ್ಬಿಯಲ್ಲಿ ಗೋಧಿ ರವೆ ನೆನೆಸಿಕೊಂಡು ಬರುತ್ತಾರೆ, ಮಷಿನ್ನಿನ ಬಾಯಿಂದ ಇಳಿಯುವ ಎಳೆಯನ್ನು ಬಿದಿರಿನ ಕೋಲಿಗೆ ಹಾಕಿಕೊಂಡು ಮಾಳಿಗೆಯ ಮೇಲೆ ಒಣಗಿಸುತ್ತಾರೆ. ಯಾರ ಶಾವಿಗೆ ಯಾವುದು ಅಂತ ಗುರುತಿಗೆ ತಮ್ಮ ಹಳೆ ಸೀರೆಯ ಅಂಚನ್ನು ಹರಿದು ಕೋಲಿನ ತುದಿಗೆ ಒಂದು ಪಟ್ಟಿ ಕಟ್ಟುತ್ತಾರೆ. ಆ ಎರಡು ತಿಂಗಳ ದುಡಿಮೆಯಲ್ಲೇ ಅಕ್ಕನ ವರ್ಷ ನಡೆಯಬೇಕು. ಊರವರು ಅವಳ ಮನೆಗೇ ಬರುವುದಕ್ಕೆ ಕಾರಣ ಒಂದೇ, ಅವಳ ಕೈ ಸ್ವಚ್ಛ.

ಆ ಬೇಸಿಗೆಯ ನಡುವೆ ಮಷಿನ್ ಕಟಕಟ ಅನ್ನಲು ಶುರುವಾಯಿತು. ಹಿಟ್ಟನ್ನು ಒತ್ತುವ ಸ್ಕ್ರೂ ತಿರುಗುವಲ್ಲಿ ಒಂದು ಬುಷ್ ಇರುತ್ತದೆ, ಶಾಫ್ಟು ಅಲ್ಲಾಡದಂತೆ ಹಿಡಿಯುವ ಬಳೆಯಂಥದ್ದು. ಅದು ಸವೆದಿತ್ತು. ಕಂಪನಿಯವರು ಹೊಸದು ಕಳಿಸಲು ಎಂಟು ದಿನ ಅಂದರಂತೆ. ನಾನು ಹೋಗಿ ಬಿಚ್ಚಿ ನೋಡಿದರೆ ಬಿಳಿ ಪ್ಲಾಸ್ಟಿಕ್ಕಿನ ಬುಷ್. ಪಾತ್ರೆ ವ್ಯಾಪಾರಿಯ ಕಣ್ಣಿಗೆ ಪ್ಲಾಸ್ಟಿಕ್ ಅಂದರೆ ಮೋಸ. ಕಬ್ಬಿಣದ ರೇಟು ತಗೊಂಡು ಬಕೀಟಿನ ಮಾಲು ಹಾಕ್ಯಾರ ಅಂದೆ. ಎಂಟು ದಿನ ಕಾಯುವುದು ಬೇಡ, ನಾಳೆಯೇ ಕಂಚಿನದು ಕಡೆದು ತರುತ್ತೇನೆ, ಹತ್ತು ವರ್ಷ ಬರುತ್ತದೆ ಅಂತ ಮಾತು ಕೊಟ್ಟೆ. ಪಡಸಾಲೆಯ ತುಂಬ ಡಬ್ಬಿ ಹಿಡಿದು ಕೂತವರು ಕೇಳಿಸಿಕೊಳ್ಳಲಿ ಅಂತ ಸ್ವಲ್ಪ ಜೋರಾಗಿಯೇ ಅಂದೆ.

ಅಲ್ಲಿಂದ ಹಾನಗಲ್ಲಿಗೆ ಬಂದು ಮರುದಿನ ಬೆಳಿಗ್ಗೆ ಬಂಕಾಪುರದ ಮೇಲೆ ಹಾಯ್ದು ಸವಣೂರು ಸೇರಿದೆ. ಅಡ್ಡಾದಿಡ್ಡಿ ಎಲ್ಲ ಮುಟ್ಟಿ ನೋಡಿ, ಕೊನೆಗೆ ಬೇಕೋ ಬೇಡವೋ ಅನ್ನುವಂತೆ, ಒಂದೂವರೆ ಇಂಚಿನ ಕಂಚು ಇದ್ದರೆ ನೋಡೋಣ ಅಂದೆ. ಚಾಚಾ ಒಂದು ಡ್ರಮ್ಮಿಗೆ ಕೈ ಹಾಕಿದವರು ಅಲ್ಲೇ ನಿಂತು ಕೇಳಿದರು.

"ಯಾತಕ್ಕ ತಮ್ಮಾ?"

ಶಾವಿಗೆ ಮಷಿನ್ನಿಗೆ ಅಂದರೆ ಸೀಜನ್ನಿನ ಗರಜು ಗೊತ್ತಾಗುತ್ತದೆ, ನಿಂತ ಮಷಿನ್ನಿನ ದರ ಹೇಳುತ್ತಾರೆ ಅಂತ ತಲೆ ತಾನೇ ಲೆಕ್ಕ ಹಾಕಿತು. "ಚಕ್ಕಡಿ ಗಾಲಿಗೆ ರೀ ಚಾಚಾ," ಅಂದೆ. "ಪರಿಚಯದವರದು. ಇವತ್ತಾದ್ರೂ ಆತು, ಮುಂದಿನ ತಿಂಗಳಾದ್ರೂ ಆತು."

ಅವರು ಆ ಡ್ರಮ್ಮಿನಿಂದ ಕೈ ತೆಗೆದು, ಮೂಲೆಯಲ್ಲಿದ್ದ ಇನ್ನೊಂದು ಡ್ರಮ್ಮಿಗೆ ಹೋದರು. ಕೆಳಗಿನವರೆಗೂ ತಡಕಾಡಿ ಈ ತುಂಡನ್ನು ತೆಗೆದು, ಚಕ್ಕಡಿಗೆ ಇದಕ್ಕಿಂತ ಚಲೋದು ಸಿಗುವುದಿಲ್ಲ, ಎಣ್ಣೆ ಬಿಡಲು ಮರೆತರೂ ಗಾಲಿ ಕಚ್ಚಿ ನಿಲ್ಲುವುದಿಲ್ಲ ಅಂದರು. ನನ್ನ ಒಳ್ಳೆಯದಕ್ಕೇ ಅಷ್ಟು ಹುಡುಕಿದ್ದರು. ಎರಡು ಡ್ರಮ್ಮಿನ ನಡುವೆ ಅವರು ನಡೆದ ಆ ನಾಲ್ಕು ಹೆಜ್ಜೆ ಈಗಲೂ ನನ್ನ ಕಣ್ಣ ಮುಂದೆ ಬರುತ್ತವೆ.

ಲೇತಿಗೆ ಹಾಕಿದರೆ ಬೆಣ್ಣೆ ಕೊಯ್ದಂತೆ ಕೊಯ್ಯಿತು. ಚೂರು ಪುಡಿಪುಡಿಯಾಗಿ ಉದುರುತ್ತಿತ್ತು. ಮಾಲು ಒಳ್ಳೆಯದಿದ್ದರೆ ಹೀಗೇ ಅಂತ ಬೀಗಿದೆ. ಅದೇ ದಿನ ಹಿರೇಕೆರೂರಿಗೆ ಹೋಗಿ ಕೂಡಿಸುವಾಗ ಅಕ್ಕ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದಳು.

"ತಿನ್ನೂ ಹಿಟ್ಟು ಹಾಯೂ ಜಾಗ ಅದು. ನಡೀತೈತೇನ ಇದು?"

"ನಮ್ಮ ಹಿರ್ಯಾರು ಕಂಚಿನ ತಾಟಿನ್ಯಾಗ ಉಂಡಿಲ್ಲೇನ? ನಿನ್ನ ಪ್ಲಾಸ್ಟಿಕ್ಕಿಗಿಂತ ಲೇಸು."

ಅವಳು ಮತ್ತೆ ಕೇಳಲಿಲ್ಲ. ಪಾತ್ರೆಯ ವಿಷಯದಲ್ಲಿ ನನ್ನ ಮಾತು ಅವಳಿಗೆ ಪಂಚಾಂಗ ಇದ್ದಂತೆ. ಮಷಿನ್ ಸದ್ದಿಲ್ಲದೆ ಓಡಿತು. ಎಷ್ಟಕ್ಕೆ ತಂದೆ ಅನ್ನುವುದನ್ನು ಕೂತ ಹೆಣ್ಣುಮಕ್ಕಳಿಗೆಲ್ಲ ಹೇಳಿ, ಒಂದು ಡಬ್ಬಿ ಶಾವಿಗೆ ಕಟ್ಟಿಸಿಕೊಂಡು ಹಾನಗಲ್ಲಿಗೆ ಬಂದೆ.

ನಾಲ್ಕನೇ ದಿನ ಅಕ್ಕನ ಫೋನು. ಎಳೆಯಲ್ಲಿ ಅಲ್ಲಲ್ಲಿ ಬೂದಿ ಬಣ್ಣ ಕಾಣುತ್ತಿದೆ, ಬೆಳಿಗ್ಗೆ ಶುರು ಮಾಡಿದಾಗ ಹೆಚ್ಚು ಅಂದಳು. ಫೋಟೋ ಕಳಿಸಿದಳು. ನೋಡಿದೆ. ಬೆಳ್ಳನೆಯ ಎಳೆಗಳ ನಡುವೆ ಒಂದೆರಡು, ಮಾಸಿದ ದಾರದ ಹಾಗೆ. ಆಗ ಅಂಗಡಿಯಲ್ಲಿ ಮದುವೆಯ ಗಿರಾಕಿ ಇದ್ದರು. ಹೊಸ ಬುಷ್ ಅಕ್ಕ, ಹೊಂದಿಕೊಳ್ಳಲು ಎರಡು ದಿನ ಬೇಕು, ಗ್ರೀಸು ಇರಬೇಕು, ಮೊದಲು ಬಂದ ಮುಷ್ಟಿಯನ್ನು ತೆಗೆದು ಒಗೆ ಅಂದೆ. ನಾನು ಅಂದದ್ದನ್ನೇ ಅವಳು ಮಾಡಿದಳು. ಇನ್ನೂ ಎರಡು ದಿನ ಒತ್ತಿದಳು.

ಆರನೇ ದಿನ ಮಾಸೂರಿನ ಒಬ್ಬ ಹೆಂಗಸು ತನ್ನ ಡಬ್ಬಿ ತೆಗೆದುಕೊಂಡು ವಾಪಸ್ ಬಂದಳಂತೆ. ಜಗಳಕ್ಕಲ್ಲ, ಕೇಳಿಹೋಗಲು. ಶಾವಿಗೆ ಹಾಕಿದರೆ ಹಾಲು ಮಾಸಿದ ಹಾಗೆ ಕಾಣುತ್ತದೆ, ರವೆಯದೇನಾದರೂ ದೋಷವೋ ಅಂತ. ಅವಳ ಸೊಸೆಗೆ ಆರು ತಿಂಗಳು. ಬೇರೆ ಏನು ತಿಂದರೂ ನಿಲ್ಲುವುದಿಲ್ಲ, ಬೆಳಿಗ್ಗೆ ಹಾಲು-ಶಾವಿಗೆಯೊಂದೇ ಹೊಟ್ಟೆಯಲ್ಲಿ ನಿಲ್ಲುತ್ತದೆ, ನಾಲ್ಕು ದಿನದಿಂದ ಅದೇ ಅಂತ. ಅಕ್ಕ ಮಷಿನ್ನಿನ ಬಟನ್ ಆರಿಸಿ ನನಗೆ ಫೋನು ಮಾಡಿದಳು. ಬಾ ಅಂದಳು, ಅಷ್ಟೇ.

ಹೋಗಿ ಬುಷ್ ಬಿಚ್ಚಿದೆ. ಒರೆಸಿ, ಒಣಗಿಸಿ, ಕ್ಯಾಲೆಂಡರಿನ ಹಿಂಬದಿಯ ಬಿಳಿ ಕಾಗದದ ಮೇಲೆ ಎಳೆದೆ. ಪೆನ್ಸಿಲಿನಂತೆ ಗೆರೆ ಮೂಡಿತು.

ಆ ಗೆರೆಯ ಕಪ್ಪು ನನಗೆ ಹೊಸದಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಮಾಡಿಸುವಾಗ ತವರದಲ್ಲಿ ಸೀಸ ಬೆರೆಸಿದ್ದಾನೋ ಇಲ್ಲವೋ ಅಂತ ನೋಡಲು ಬೆರಳಿನಿಂದ ತಿಕ್ಕಿ ನೋಡುತ್ತೇವೆ. ಬೆರಳಿಗೆ ಕಪ್ಪು ಹತ್ತಿದರೆ ಆ ಕಲಾಯಿ ಬೇಡ, ಅದು ವಿಷ ಅಂತ ಎಷ್ಟು ಜನ ಗಿರಾಕಿಗೆ ನಾನೇ ಹೇಳಿಲ್ಲ. ಆ ಬುಷ್ಷನ್ನು ಕಡೆದ ದಿನ ನನ್ನ ಹತ್ತೂ ಬೆರಳು ಕಪ್ಪಾಗಿದ್ದವು. ಲೇತಿನ ಎಣ್ಣೆ ಅಂತ ಸಾಬೂನು ಹಚ್ಚಿ ತೊಳೆದುಕೊಂಡಿದ್ದೆ.

ಆದರೂ ಖಾತ್ರಿ ಆಗಬೇಕಿತ್ತು. ಹಿರೇಕೆರೂರಿನಿಂದ ನೆಟ್ಟಗೆ ಸವಣೂರಿಗೆ ಸ್ಕೂಟರ್ ಬಿಟ್ಟೆ. ದಾರಿಯುದ್ದಕ್ಕೂ ಚಾಚಾನ ಮೇಲೆ ಸಿಟ್ಟು ಏರಿಸಿಕೊಳ್ಳಲು ನೋಡಿದೆ, ಅದು ಏರಲಿಲ್ಲ. ಅವರು ತಕ್ಕಡಿಯ ಮುಂದೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಬುಷ್ಷನ್ನು ಮುಂದೆ ಇಟ್ಟೆ.

"ಚಾಚಾ, ಇದು ಚಕ್ಕಡಿಗಲ್ಲರಿ. ಶಾವಿಗಿ ಮಷಿನ್ನಿಗೆ ಒಯ್ದಿದ್ದೆ."

ಅವರು ಎಲೆಯನ್ನು ಬಾಯಿಗೆ ಇಡಲಿಲ್ಲ. ಕೆಳಗಿಟ್ಟರು.

"ರೋಡ್ ರೋಲರಿಂದು ಇದು. ಸೀಸ ಕೂಡಿಸಿದ ಮಾಲು. ಅದಕ್ಕಂತನ ಬ್ಯಾರೆ ಡ್ರಮ್ಮಿನ್ಯಾಗ ಇಟ್ಟೇನಿ." ಬುಷ್ಷನ್ನು ನನ್ನ ಕಡೆ ಸರಿಸಿ ಕೇಳಿದರು. "ಯಾತಕ್ಕ ಅಂತ ನಾ ಕೇಳಿದ್ನೋ ಇಲ್ಲೋ?"

"ಕೇಳಿದ್ರಿ."

"ರೇಟ್ ಏರಿಸಾಕ ಕೇಳ್ತಾನ ಮುದುಕ ಅಂದ್ಕೊಂಡಿ."

ಅವತ್ತು ಮೊದಲು ಕೈ ಹಾಕಿದ ಡ್ರಮ್ಮಿನಲ್ಲಿ ಸೀಸ ಇಲ್ಲದ ಕಂಚು ಇತ್ತಲ್ಲ, ಅದನ್ನೇ ಕೊಡಿರಿ, ಹೇಳಿದಷ್ಟು ಕೊಡುತ್ತೇನೆ ಅಂದೆ. ನನ್ನ ಜನ್ಮದಲ್ಲಿ ಅಂಥ ಮಾತು ಆಡಿದ್ದು ಅದೇ ಮೊದಲು. ಅವರು ತಲೆ ಅಲ್ಲಾಡಿಸಿದರು. ಅದರಲ್ಲಿ ಸೀಸ ಇಲ್ಲ ಅಂತ ನನ್ನ ಕಾನಸು ಹೇಳುತ್ತದೆ, ಅಷ್ಟೇ. ತಿನ್ನುವ ಜಾಗಕ್ಕೆ ಗುಜರಿ ಮಾಲು ನಾನು ಯಾರಿಗೂ ಕೊಡುವುದಿಲ್ಲ, ಕೇಳಿದವರು ಖರೇ ಹೇಳಿದರೆ ಹಂಗೇ ವಾಪಸ್ ಕಳಿಸುತ್ತೇನೆ ಅಂದರು. ಅಂದರೆ ಅವತ್ತು ನಾನು ಖರೇ ಹೇಳಿದ್ದರೆ ದರ ಏರುತ್ತಿರಲಿಲ್ಲ. ಮಾಲೇ ಸಿಗುತ್ತಿರಲಿಲ್ಲ. ನಾನು ಎಂಟು ದಿನ ಕಾಯುತ್ತಿದ್ದೆ. "ಯಾರ್‍ಯಾರು ತಿಂದಾರ?" ಅಂತ ಕೇಳಿದರು. ಮಾಸೂರಿನ ಸೊಸೆಯ ವಿಷಯ ಹೇಳಿದೆ. "ಇಲ್ಲೇನ್ ನಿಂತಿ ಹಂಗಾರ? ಹೋಗು," ಅಂದರು.

ಅಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನಾನು ಹೇಳಿದ್ದನ್ನು ಕೇಳಿದಳು. ಬೈಯುತ್ತಾಳೆ ಅಂತ ಕಾದೆ. "ಎರಡು ದಿನಾ ನಿನ್ನ ಮಾತು ಕೇಳಿ ಒತ್ತಿದೆ," ಅಂದಳು. ಎದ್ದು ಮಾಳಿಗೆಗೆ ಹೋಗಿ ಆ ವಾರದ ಕೋಲುಗಳನ್ನೆಲ್ಲ ಕೆಳಗೆ ತಂದಳು. ತುದಿಯ ಪಟ್ಟಿಗಳು ಹಾಗೇ ಇದ್ದವು. ನೀಲಿ ಅಂಚು ಬಸ್‌ಸ್ಟ್ಯಾಂಡಿನ ಹಿಂದಿನವರದು, ಚೌಕಡಿಯದು ಮಾಸ್ತರರ ಮನೆಯದು, ಹಸಿರು ಮಾಸೂರಿನವರದು. ಹತ್ತೊಂಬತ್ತು ಕೋಲು.

ಎರಡು ದಿನ ಅವಳನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಮನೆಮನೆ ತಿರುಗಿದೆ. ಒಂದು ಕಾಲಕ್ಕೆ ಬುಟ್ಟಿ ಹೊತ್ತು ಕೂಗುತ್ತ ಹಾಯ್ದ ಓಣಿಗಳೇ ಕೆಲವು. ಪ್ರತಿ ಬಾಗಿಲಲ್ಲೂ ಅಕ್ಕನೇ ಮಾತಾಡಿದಳು. ನನ್ನ ಮಷಿನ್ನಿನ್ಯಾಗ ತಪ್ಪಾಗೇತಿ, ಶಾವಿಗಿ ಕೊಡ್ರಿ, ಹೊಸಾ ರವಾದಾಗ ಮಾಡಿ ಕೊಡ್ತೇನಿ ಅಂದಳು. ನನ್ನ ತಮ್ಮ ಮಾಡಿದ್ದು ಅಂತ ಒಂದು ಕಡೆಯೂ ಅನ್ನಲಿಲ್ಲ. ನಾನು ಹೇಳಲು ಬಾಯಿ ತೆಗೆದರೆ ಕೈ ಸನ್ನೆಯಿಂದ ಸುಮ್ಮನಾಗಿಸಿದಳು. ಕೆಲವರು ನಕ್ಕು, ಇಷ್ಟಕ್ಕ ಯಾಕ ಬಿಸಿಲಾಗ ಬಂದ್ರಿ ಅಂದರು. ಇಬ್ಬರು ಬೈದರು. ಒಬ್ಬಳು ಡಬ್ಬಿಯನ್ನು ನಮ್ಮ ಕಾಲ ಬುಡಕ್ಕೆ ಸುರಿದಳು. ರಾತ್ರಿ ತಿರುಗಿ ಬಂದು, ಮುಗಿದ ಒಂದೊಂದು ಮನೆಯ ಕೋಲಿನ ಪಟ್ಟಿಯನ್ನು ಅಕ್ಕ ಬಿಚ್ಚುತ್ತಿದ್ದಳು, ಮಾಸೂರಿನ ಹಸಿರೊಂದನ್ನು ಬಿಟ್ಟು. ಕೂಡಿಬಂದ ಶಾವಿಗೆಯನ್ನು ದನಕ್ಕೂ ಹಾಕದೆ, ಯಾರೂ ಅಗೆಯದ ಕಡೆ ತಗ್ಗು ತೋಡಿ ಮುಚ್ಚಿದೆವು.

ಮೊದಲು ಹೋದದ್ದು ಮಾಸೂರಿಗೇ. ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು. ಸಣ್ಣ ಹುಡುಗಿ. ಏನಾಗತೈತ್ರಿ ಅದರಿಂದ, ಅಂತ ಕೇಳಿದ್ದು ಅಕ್ಕನನ್ನಲ್ಲ, ನನ್ನನ್ನು. ಗಂಡಸು, ತಿಳಿದವನು ಅಂದುಕೊಂಡು. ಗೊತ್ತಿಲ್ಲ ಅಂದೆ. ಬಾಡಿಗೆ ಗಾಡಿ ಮಾಡಿ ಅತ್ತೆ-ಸೊಸೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ರಕ್ತ ತೆಗೆದು ಪರೀಕ್ಷೆಗೆ ಹೊರಗಿನ ಲ್ಯಾಬಿಗೆ ಕಳಿಸಿದರು. ವರದಿ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ನಾನು ಅಂಗಡಿಯಲ್ಲಿ ಯಾರ ಜೋಡಿಯೂ ಚೌಕಾಸಿ ಮಾಡಲಿಲ್ಲ. ಕೇಳಿದ ದರಕ್ಕೆ ಕೊಟ್ಟು ಕಳಿಸಿದೆ. ಶೆಡ್ಡಿನ ಬಾಗಿಲು ತೆಗೆಯಲಿಲ್ಲ.

ವರದಿ ನೋಡಿ ಡಾಕ್ಟರು, ಚಿಂತೆ ಮಾಡುವಷ್ಟು ಇಲ್ಲ, ಮತ್ತೆ ತಿನ್ನಬೇಡಿ ಅಂದರು. ಏನೂ ಇಲ್ಲ ಅನ್ನಲಿಲ್ಲ. ಮಳೆಗಾಲದ ನಡುವೆ ಕೂಸು ಹುಟ್ಟಿತು. ಚಲೋ ಐತಿ ಅಂತ ಅಕ್ಕ ಯಾರಿಂದಲೋ ಕೇಳಿ ತಿಳಿದುಕೊಂಡಳು. ನಾನು ನೋಡಲು ಹೋಗಿಲ್ಲ. ಯಾವ ಮುಖದಿಂದ ಹೋಗಲಿ? ನಾಲ್ಕು ದಿನದ ಹಾಲು-ಶಾವಿಗೆ ಆ ಕೂಸಿಗೆ ಏನೂ ಮಾಡಿಲ್ಲ ಅಂತ ಯಾರೂ ನನಗೆ ಬರೆದು ಕೊಡಲಾರರು. ಸೀಸ ಕೂಸಿನ ಮಿದುಳಿಗೇ ಹತ್ತುತ್ತದೆ ಅನ್ನುತ್ತಾರೆ, ಮುಂದೆ ಅಕ್ಷರ ಕಲಿಯಲು ಅದು ಒಂದು ದಿನ ತಡ ಮಾಡಿದರೂ ನನ್ನ ತಲೆಯಲ್ಲಿ ಆ ಗೆರೆ ಮೂಡುತ್ತದೆ.

ಅಕ್ಕ ತರಿಸಿದ ಕಂಪನಿಯ ಬಿಳಿ ಪ್ಲಾಸ್ಟಿಕ್ ಬುಷ್ ಬಂತು. ನೂರಾ ಎಂಬತ್ತು ರೂಪಾಯಿ. ತಿನ್ನುವ ಪದಾರ್ಥದ ಮಷಿನ್ನಿಗೆ ಅಂತಲೇ ಮಾಡಿದ ಮಾಲು ಅದು, ಶಾಫ್ಟು ಉಳಿದು ತಾನು ಸವೆಯಲಿ ಅಂತಲೇ ಇಟ್ಟದ್ದು. ಅಕ್ಕನೇ ಕೂಡಿಸಿಕೊಂಡಳು, ನನ್ನನ್ನು ಕರೆಯಲಿಲ್ಲ. ಮುಂದಿನ ಬೇಸಿಗೆಗೆ ಹತ್ತೊಂಬತ್ತು ಮನೆಯಲ್ಲಿ ಹದಿನಾಲ್ಕು ಮನೆಯವರು ತಿರುಗಿ ಬಂದರು. ಮಾಸೂರಿನವರು ಬರಲಿಲ್ಲ. ಅವರ ಕೋಲಿನ ಹಸಿರು ಪಟ್ಟಿಯನ್ನು ಅಕ್ಕ ಇನ್ನೂ ಬಿಚ್ಚಿಲ್ಲ.

ಲೇತನ್ನು ಮಾರಬೇಕು ಅಂದುಕೊಂಡಿದ್ದೆ, ಮಾರಲಿಲ್ಲ. ಈಗಲೂ ತುಂಡು ಹುಡುಕುತ್ತೇನೆ. ನಿಮಗೂ ಈ ಹುಚ್ಚು ಇದ್ದರೆ ನಾನು ಕಲಿತದ್ದನ್ನು ತೆಗೆದುಕೊಳ್ಳಿರಿ, ಇದಕ್ಕೆ ದರ ಇಲ್ಲ. ಸಣ್ಣ ತುಂಡಿಗೆ ದೊಡ್ಡ ಅಂಗಡಿಗೆ ಹೋಗಬೇಡಿರಿ, ಹೈವೇ ಬದಿಯ ಗೇಟು-ಗ್ರಿಲ್ಲು ಮಾಡುವವರಲ್ಲಿ ಹೋಗಿರಿ. ಅವರ ಬೆಂಚಿನ ಕೆಳಗೆ ಕೊಯ್ದು ಉಳಿದ ತುದಿಗಳು ಬಿದ್ದಿರುತ್ತವೆ, ತೂಕಕ್ಕೆ ಕೊಡುತ್ತಾರೆ, ಸಂಜೆ ಗಡಿಬಿಡಿ ಮುಗಿದ ಮೇಲೆ ಹೋದರೆ ಮಾತಿಗೂ ಸಿಗುತ್ತಾರೆ. ಹಳೆ ಬೈಕಿನ ಶಾಕ್ ಅಬ್ಸಾರ್ಬರಿನ ಸರಳು, ಕೆಟ್ಟ ಪ್ರಿಂಟರಿನ ಸರಳು ನೆಟ್ಟಗೆ, ನುಣ್ಣಗೆ ಇರುತ್ತವೆ, ಬಿಡಬೇಡಿರಿ. ಹೊಸ ಮಾಲೇ ಬೇಕಾದರೆ ನಿಮ್ಮಂಥ ಇನ್ನಿಬ್ಬರನ್ನು ಹುಡುಕಿ, ಮೂವರು ಕೂಡಿ ಒಂದು ಪೂರ್ತಿ ಫೂಟು ಕೊಂಡು ಹಂಚಿಕೊಳ್ಳಿರಿ. ಸರಳಿನ ತುದಿಗೆ ಬಣ್ಣ ಹಚ್ಚಿದ್ದರೆ ಆ ತುದಿಯನ್ನು ಕೊನೆಗೆ ಕೊಯ್ಯಿರಿ, ಅದು ಯಾವ ಮಾಲು ಅನ್ನುವುದರ ಗುರುತು. ಮನೆಗೆ ತಂದ ದಿನವೇ ಎಲ್ಲಿಂದ ಬಂತು ಅಂತ ಚೀಟಿ ಅಂಟಿಸಿರಿ. ಬಿಳಿ ಕಾಗದದ ಮೇಲೆ ಎಳೆದು ನೋಡಿರಿ, ಆದರೆ ಗೆರೆ ಮೂಡದಿದ್ದರೆ ಸೀಸ ಇಲ್ಲ ಅಂತ ನಂಬಿ ಕೂಡಬೇಡಿರಿ. ಬಾಯಿಗೆ ಹೋಗುವುದು, ಕೂಸು ಕಚ್ಚುವುದು, ಮನುಷ್ಯನ ಭಾರ ಹೊರುವುದು, ಈ ಮೂರಕ್ಕೆ ಗುಜರಿ ತುಂಡು ಎಷ್ಟು ಅಗ್ಗಕ್ಕೆ ಬಂದರೂ ಬೇಡ.

ಚೌಕಾಸಿ ಮಾಡಿರಿ, ಮಾಡಲೇಬೇಕು. ನಾನೂ ಬಿಟ್ಟಿಲ್ಲ. ಆದರೆ ಯಾತಕ್ಕ ಅಂತ ಅವರು ಕೇಳಿದಾಗ ಮೊದಲು ಖರೇ ಹೇಳಿರಿ, ಆಮೇಲೆ ದರ ಮಾತಾಡಿರಿ. ನಾಲ್ಕು ರೂಪಾಯಿ ಹೆಚ್ಚು ಹೋದೀತು. ಮಾಲು ಇಲ್ಲ ಅಂದಾರು. ಇಲ್ಲ ಅಂದರೆ ಎಂಟು ದಿನ ಕಾಯಿರಿ.